ಖರೇ ಮಂದಿ, ಖೊಟ್ಟಿ ಕುಂಡ್ಲಿ

ಹೋದ ವಾರ ಮುಂಜಾನೆ ಹನ್ನೊಂದರ ಸುಮಾರಿಗೆ ಸಾರಿಗೆ ಹುಣಸಿಹಣ್ಣು ಕಿವುಚ್ಲಿಕತ್ತಿದ್ದೆ, ನಮ್ಮ ಮೌಶಿ ಮಗಳ ಫೋನ್ ಬಂತು. ಕೈ ಸೆರಗಿಗೆ ಒರಿಸಿಕೊಂಡು ಸ್ಪೀಕರ್ ಹಾಕಿದೆ. ಮಳಿ, ಮೊಣಕಾಲು, ಎಣ್ಣಿ ರೇಟು ಎಲ್ಲಾ ಆದ ಮ್ಯಾಲೆ ಧ್ವನಿ ಸಣ್ಣದು ಮಾಡಿ ಅಂದ್ಲು:

“ಅಕ್ಕಾ, ನಮ್ಮ ಹುಡುಗಿ ಹುಟ್ಟಿದ್ದು ಮುಂಜಾನೆ ಐದೂವರಿಗೆ ಅಂತ ಬರಸೀವಿ. ವರನ ಕಡೆಯವರು ನಿಮ್ಮ ಓಣಿಯವರ ಗುರ್ತಿನವರು. ಯಾರರ ಕೇಳಿದ್ರ ನೀನೂ ಹಂಗ ಹೇಳು ಮತ್ತ.”

“ಅಲ್ಲ, ಆರು ಹತ್ತಕ್ಕಲ್ಲೇನು ಹುಟ್ಟಿದ್ದು? ನಾನೇ ದವಾಖಾನ್ಯಾಗಿದ್ನೆಲ್ಲ.”

“ಅದಕ್ಕ ಹೇಳ್ಲಿಕತ್ತೇನಿ. ಆರು ಹತ್ತು ಅಂದ್ರ ಮಂಗಳ ಎಂಟನೇ ಮನ್ಯಾಗ ಬರ್ತಾನ. ಐದೂವರಿ ಮಾಡಿದ್ರ ಲಗ್ನ ಬದಲಾಗಿ ಒಂಬತ್ತಕ್ಕ ಹೋಗ್ತಾನ. ಬರೇ ನಲವತ್ತು ನಿಮಿಷ ಅಕ್ಕಾ. ಯಾರಿಗೇನು ಲುಕ್ಸಾನ?”

ನಾ ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಸಾರು ಕುದಿಲಿಕತ್ತದ ಅಂತ ಹೇಳಿ ಫೋನ್ ಇಟ್ಟೆ. ಆವತ್ತಿಂದ ಆ ‘ಯಾರಿಗೇನು ಲುಕ್ಸಾನ’ ಅನ್ನೋ ಮಾತು ಹಲ್ಲಾಗ ಸಿಕ್ಕ ಅಡಿಕಿ ಚೂರಿನಂಗ ಕಾಡ್ಲಿಕತ್ತದ. ಅದಕ್ಕ ಇವತ್ತು ಬರದು ಬಿಡ್ತೇನಿ. ಓದಿ ಆಕಿಗೆ ಸಿಟ್ಟು ಬಂದ್ರ ಬರ್ಲಿ.

ಮೊದಲ ಒಂದು ಮಾತು. ಈ ನನ್ನ ತಂಗಿ ಸುಳ್ಳು ಹೇಳೋಕಿ ಅಲ್ಲ. ಕಿರಾಣಿ ಅಂಗಡಿಯವ 20 ರೂಪಾಯಿ ಜಾಸ್ತಿ ಚಿಲ್ಲರ ಕೊಟ್ರ ಬಿಸಿಲಾಗ ತಿರುಗಿ ಹೋಗಿ ಕೊಟ್ಟು ಬರೋಕಿ. ಮಕ್ಕಳಿಗೆ ಅರ್ಧ ಟಿಕೆಟ್ಟಿನ ವಯಸ್ಸು ಮುಗಿದ ಮರುದಿನದಿಂದ ಕಂಡಕ್ಟರ್ ಕೇಳದಿದ್ರೂ ಪೂರ್ತಿ ಟಿಕೆಟ್ ತಗೊಂಡಾಕಿ. ಆಕಿ ಗಂಡನೂ ಹಂಗ. ಇಂಥ ಖರೇ ಮಂದಿ ಕೂತು, ದುಡ್ಡು ಕೊಟ್ಟು, ಖೊಟ್ಟಿ ಕುಂಡ್ಲಿ ಮಾಡಿಸ್ಯಾರ. ಮಾಡಿಸಿ ರಾತ್ರಿ ಆರಾಮ ಮಲಗ್ಯಾರ. ಇದು ಹೆಂಗ ಸಾಧ್ಯ ಆತು ಅನ್ನೋದೇ ನನ್ನ ಪ್ರಶ್ನೆ. ಯಾಕಂದ್ರ ಇದು ಅವರೊಬ್ಬರ ಮನಿ ಕತಿ ಅಲ್ಲ. ನಿಮ್ಮ ಮನ್ಯಾಗ, ನಮ್ಮ ಮನ್ಯಾಗ, ಎಲ್ಲಾರ ಮನ್ಯಾಗ ಇಂಥ ಒಂದು ನಲವತ್ತು ನಿಮಿಷ ಅದ.

ಸ್ವಲ್ಪ ಲೆಕ್ಕ ಮಾಡೋಣ ಬರ್ರಿ. ಹೆಣ್ಣಿನ ಕುಂಡ್ಲ್ಯಾಗ ಎಂಟನೇ ಮನ್ಯಾಗ ಮಂಗಳ ಇದ್ರ ಏನಾಗ್ತದ ಅಂತಾರ? ಗಂಡನ ಆಯುಷ್ಯಕ್ಕ ಕುತ್ತು ಅಂತಾರ. ಈಗ ನನ್ನ ತಂಗಿ ಇದನ್ನ ಖರೇನೇ ನಂಬ್ಯಾಳ ಅಂತ ಇಟ್ಕೊಳ್ರಿ. ಹಂಗಾರ ಆಕಿ ಏನು ಮಾಡ್ಲಿಕತ್ತಾಳ? ಯಾರದೋ ಮನಿ ಮಗನ್ನ ಕರದು, ಉಪ್ಪಿಟ್ಟು ಶಿರಾ ತಿನಿಸಿ, ಗೊತ್ತಿದ್ದು ಗೊತ್ತಿದ್ದು ಸಾವಿನ ದಾರಿಗೆ ಕಳಸ್ಲಿಕತ್ತಾಳ. ವಿಷದ ಬಾಟಲಿಗೆ ಜೇನುತುಪ್ಪದ ಚೀಟಿ ಹಚ್ಚಿದಂಗ ಆತು. ನನ್ನ ತಂಗಿ ಅಂಥ ಕಟುಕಿ ಅಲ್ಲ. ಅಂದ್ರ ಆಕಿ ಅದನ್ನ ನಂಬೇ ಇಲ್ಲ. ಆಕಾಶದಾಗಿನ ಮಂಗಳ ಎಲ್ಲೆ ಇದ್ದಾನೋ ಅಲ್ಲೇ ಇದ್ದಾನ, ಕಾಗದದ ಮ್ಯಾಲೆ ಸರಿಸಿದ್ರ ಆತ ಸರಿಯಂಗಿಲ್ಲ ಅಂತ ಆಕಿಗೆ ಗೊತ್ತದ. ನಂಬದಾಕಿ ಅಂತ ಒಪ್ಪಿಕೊಂಡ್ರ ಇನ್ನೊಂದು ಪ್ರಶ್ನೆ ಬರ್ತದ. ಮೂರು ವರ್ಷದ ಹಿಂದ ಆಕಿ ಮೈದುನಗ ಕನ್ಯಾ ನೋಡುವಾಗ ಇದೇ ಮಂಗಳದ ಸಲುವಾಗಿ ಛೊಲೋ ಛೊಲೋ ಎರಡು ಹುಡುಗ್ಯಾರನ್ನ ಬ್ಯಾಡ ಅಂದದ್ದು ಯಾಕ?

ಉತ್ತರ ಸರಳದ. ಮಂದಿ ಮಗಳು ನಮ್ಮ ಮನಿಗೆ ಬರುವಾಗ ಶಾಸ್ತ್ರ ಖರೇ. ನಮ್ಮ ಮಗಳು ಮಂದಿ ಮನಿಗೆ ಹೋಗುವಾಗ ಅದೇ ಶಾಸ್ತ್ರ ಬರೇ ಕಾಗದ. ಮನಸ್ಸು ಅನ್ನೋದು ಹಿಂಗ ಎರಡು ವಹಿ ಬರಿಯೋ ಸಾವಕಾರ. ಒಂದು ತೋರಿಸ್ಲಿಕ್ಕೆ, ಒಂದು ಗಾದಿ ಕೆಳಗ ಇಟ್ಕೊಳ್ಲಿಕ್ಕೆ. ಎರಡೂ ವಹಿ ಒಟ್ಟಿಗೆ ತೆಗದು ನೋಡ್ಲಿಕ್ಕೆ ಮನಸ್ಸು ನಮಗ ಬಿಡಂಗಿಲ್ಲ. ಬಿಟ್ರ ನಿದ್ದಿ ಬರಂಗಿಲ್ಲಲ್ಲ.

ಬರೇ ತಂಗಿನ್ನ ಬೈದು ನಾ ಪಾರಾಗ್ಲಿಕ್ಕೆ ಬರಂಗಿಲ್ಲ. ನನ್ನ ಗಾದಿ ಕೆಳಗಿನ ವಹಿನೂ ತಗೀತೇನಿ.

1998ರಾಗ ನಮ್ಮ ತಮ್ಮಗ ಕನ್ಯಾ ನೋಡ್ಲಿಕತ್ತಿದ್ವಿ. ಒಬ್ಬಾಕಿ ಹುಡುಗಿ ಬಂದ್ಲು, ಬಿ.ಎಸ್‌ಸಿ. ಆಗಿತ್ತು, ಮಾತು ಮಿತ, ನಗು ಛಂದ. ತಮ್ಮಗೂ ಮನಸ್ಸಿತ್ತು. ಕುಂಡ್ಲಿ ನೋಡಿದ್ರ ಮೂಲಾ ನಕ್ಷತ್ರ. ಮೂಲಾ ಅಂದ್ರ ಮಾವಗ ಆಗಂಗಿಲ್ಲ ಅಂತಾರ, ಆಶ್ಲೇಷಾ ಅಂದ್ರ ಅತ್ತಿಗೆ ಆಗಂಗಿಲ್ಲ ಅಂತಾರ. ನಮ್ಮಪ್ಪಗ ಆಗಲೇ ಒಂದು ಸಲ ಎದಿನೋವು ಬಂದು ಹೋಗಿತ್ತು. ಅವ್ವ ಬಾಯಿ ಬಿಟ್ಟು ಏನೂ ಅನ್ಲಿಲ್ಲ, ಅಪ್ಪನ ಕಡೆ ಒಮ್ಮೆ ನೋಡಿದ್ಲು, ಅಷ್ಟೇ. ‘ಬ್ಯಾಡ’ ಅಂತ ಮೊದಲ ಅಂದಾಕಿ ನಾನು. ಅವರಿಗೆ ಖರೇ ಕಾರಣಾನೂ ಹೇಳ್ಲಿಲ್ಲ. ‘ಹುಡುಗ ಇನ್ನ ಎರಡು ವರ್ಷ ಲಗ್ನ ಬ್ಯಾಡ ಅಂತಾನ್ರಿ’ ಅಂತ ನಾನೇ ಫೋನ್ ಮಾಡಿ ಹೇಳಿದೆ. ಆರು ತಿಂಗಳೊಳಗ ಬ್ಯಾರೆ ಹುಡುಗಿ ಜೋಡಿ ತಮ್ಮನ ಲಗ್ನ ಆತು. ಕುಂಡ್ಲಿ 36ರಾಗ 28 ಗುಣ ಕೂಡಿತ್ತು. 18 ಕೂಡಿದ್ರ ಸಾಕು ಅಂತಾರ, ನಮಗ 28! ಭಟ್ಟರು ಸೈತ ‘ಲಕ್ಷ್ಮೀ ನಾರಾಯಣರ ಜೋಡಿ’ ಅಂದ್ರು.

1999ರ ದೀಪಾವಳಿ ಮುಂದ ನಮ್ಮಪ್ಪ ಹೋದ್ರು.

ಅವಾಗ ಯಾರಾದ್ರೂ ‘28 ಗುಣದ ಸೊಸಿ ಬಂದ್ಲು, ಮಾವ ಹೋದ’ ಅಂದ್ರೇನು? ಇಲ್ಲ. ‘ಕುಂಡ್ಲಿ ಲೆಕ್ಕ ತಪ್ಪಿತು’ ಅಂದ್ರೇನು? ಅದೂ ಇಲ್ಲ. ‘ಅವರ ಆಯುಷ್ಯ ಅಷ್ಟೇ ಇತ್ತು’ ಅಂದ್ರು, ಎಲ್ಲಾರೂ ತಲಿ ಹಾಕಿದ್ರು, ನಾನೂ ಹಾಕಿದೆ. ಈಗ ಇದೇ ಸಾವಿನ ಹೊತ್ತಿಗೆ ಆ ಮೂಲಾ ನಕ್ಷತ್ರದ ಹುಡುಗಿ ನಮ್ಮ ಮನ್ಯಾಗ ಇದ್ದಿದ್ರ? ಹದಿನಾಲ್ಕು ದಿನದ ಹೊಲಿ ತೆಗಿಯೋದ್ರಾಗ ಆಕಿ ಕೊಲೆಗಾರ್ತಿ ಆಗ್ತಿದ್ಲು. ಅದೇ ಎದಿ, ಅದೇ ಸಕ್ಕರಿ ಕಾಯಿಲೆ, ಅದೇ ತಾರೀಖು. ಸಾವು ಒಂದೇ. ಬಂದ ಸೊಸಿ ನಕ್ಷತ್ರ ನೋಡಿ ನಾವು ಅದಕ್ಕ ಕಾರಣ ಹಚ್ಚತಿದ್ವಿ. ಹಿಂಗ ಗೆದ್ರೂ ತಂದೇ, ಸೋತ್ರೂ ತಂದೇ ಅನ್ನೋ ಶಾಸ್ತ್ರ ತಪ್ಪಾಗ್ಲಿಕ್ಕೆ ಸಾಧ್ಯನೇ ಇಲ್ಲ. ತಪ್ಪಾಗ್ಲಿಕ್ಕೆ ಸಾಧ್ಯ ಇಲ್ಲದ್ದು ಏನನ್ನೂ ಹೇಳಂಗೂ ಇಲ್ಲ.

ಹತ್ತು ವರ್ಷದ ಮ್ಯಾಲೆ ಒಂದು ಮದುವಿ ಮನ್ಯಾಗ ಆ ಹುಡುಗಿ ಸಿಕ್ಕಳು. ತಾನಾಗೇ ಬಂದು ಮಾತಾಡಿಸಿ, “ಅಪ್ಪಾವರು ಆರಾಮ ಇದ್ದಾರೇನ್ರಿ ಅಕ್ಕಾ?” ಅಂದ್ಲು. “ಇಲ್ಲವಾ, ಹೋಗಿ ಹತ್ತು ವರ್ಷ ಆತು” ಅಂದೆ. ಆಕಿ ಮನಸ್ಸಿನ್ಯಾಗ ಏನೋ ಎಣಿಸಿದ್ಲು. ಆಮ್ಯಾಲೆ ಮೆತ್ತಗ, “ಹಂಗಾರ ನಾ ನಿಮ್ಮ ಮನಿಗೆ ಬರದಿದ್ದದ್ದು ಛೊಲೋ ಆತ್ರಿ” ಅಂದ್ಲು. ಸಿಟ್ಟಿಲ್ಲ, ಕುಹಕ ಇಲ್ಲ. ಅಂದು ಪಂಕ್ತ್ಯಾಗ ತುಪ್ಪ ಬಡಿಸ್ಲಿಕ್ಕೆ ಹೋದ್ಲು. ನಾ ಫೋನಿನ್ಯಾಗ ಹೇಳಿದ ಸುಳ್ಳು ಆಕಿಗೆ ಆವತ್ತೇ ತಿಳಿದಿತ್ತು ಅನ್ನೋದು ನನಗ ಅವಾಗ ತಿಳೀತು.

ಈಗ ನೀವು ಹೇಳ್ತೀರಿ, ‘ನಿಮ್ಮದೊಂದು ಕತಿ ಆತು, ನಮ್ಮ ಕಡೆ ಕುಂಡ್ಲಿ ನೋಡದ ಮಾಡಿಕೊಂಡು ಕೆಟ್ಟವರ ಹತ್ತು ಕತಿ ಅವ.’ ಇರಬಹುದು. ಕತಿ ಎಣಿಸೋ ರೀತಿನೇ ತಪ್ಪದ ಅಂತ ನಾ ಹೇಳೋದು. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರಾಗ ಬರದ ಪುಸ್ತಕದಾಗ ಒಂದು ಹಳೇ ಪ್ರಸಂಗ ಅದ. ಒಬ್ಬಗ ಗುಡಿಗೆ ಕರಕೊಂಡು ಹೋಗಿ, ಹರಕಿ ಹೊತ್ತು ಸಮುದ್ರದ ಪಾಲಾಗೋದ್ರಿಂದ ಉಳಕೊಂಡವರ ಚಿತ್ರ ತೋರಿಸಿ, ಈಗರ ದೇವರ ಶಕ್ತಿ ಒಪ್ತಿಯೇನು ಅಂತ ಕೇಳಿದ್ರಂತ. ಆವ, ಹರಕಿ ಹೊತ್ತೂ ಮುಳುಗಿದವರ ಚಿತ್ರ ಎಲ್ಲೆ ಹಾಕೀರಿ ಅಂತ ತಿರುಗಿ ಕೇಳಿದ್ನಂತ. ನಮ್ಮದೂ ಹಂಗ ಅದ. ಕುಂಡ್ಲಿ ಕೂಡಿ ಸಂಸಾರ ಛೊಲೋ ಆದವರು, ಕುಂಡ್ಲಿ ಕೂಡದ ಕೆಟ್ಟವರು, ಈ ಎರಡು ಚಿತ್ರ ಗ್ವಾಡಿಗೆ ಹಾಕೇವಿ. ಕೂಡಿನೂ ಕೆಟ್ಟವರು, ಕೂಡದನೂ ಛೊಲೋ ಬಾಳಿದವರು, ಈ ಎರಡು ಚಿತ್ರ ಅಟ್ಟದ ಮ್ಯಾಲೆ ಅವ. ನಮ್ಮ ಓಣ್ಯಾಗಿನ ಫ್ಯಾಮಿಲಿ ಕೋರ್ಟಿನ ಕೇಸು ಎಣಿಸ್ರಿ, ಎಲ್ಲಾ ಗುಣ ಕೂಡಿಸಿ ಮಾಡಿದ ಲಗ್ನಾನೇ.

ಇನ್ನ ಮಂಗಳದ್ದೇ ಲೆಕ್ಕ ತಗೊಳ್ರಿ. ಇದಕ್ಕ ಕಾಲೇಜು ಬೇಕಾಗಿಲ್ಲ, ಬೆರಳು ಸಾಕು. ಲಗ್ನದಿಂದ 1, 2, 4, 7, 8, 12, ಈ ಆರು ಮನ್ಯಾಗ ಎಲ್ಲೇ ಇದ್ರೂ ದೋಷ ಅಂತಾರ. ಒಟ್ಟು ಮನಿ ಹನ್ನೆರಡು. ಅಂದ್ರ ಹೆಚ್ಚು ಕಡಿಮಿ ಅರ್ಧ ಊರಿಗೆ ಮಂಗಳ ಅದ! ಚಂದ್ರನಿಂದ, ಶುಕ್ರನಿಂದ ಮತ್ತ ಎಣಿಸಿದ್ರ ಇನ್ನೂ ಜಾಸ್ತಿ. ಅರ್ಧ ಊರಿಗೆ ಇರೋದು ದೋಷ ಹೆಂಗ ಆಗ್ತದ? ಅದಕ್ಕ ಮತ್ತ ಪರಿಹಾರದ ಪಟ್ಟಿ ಇಟ್ಟಾರ. ಸ್ವಂತ ರಾಶ್ಯಾಗಿದ್ರ ದೋಷ ಇಲ್ಲ, ಗುರು ನೋಡಿದ್ರ ದೋಷ ಇಲ್ಲ, ಇಬ್ಬರಿಗೂ ಇದ್ರ ದೋಷ ಇಲ್ಲ, 28 ವರ್ಷ ದಾಟಿದ್ರ ದೋಷ ಇಲ್ಲ. ನಾ ಇಷ್ಟು ವರ್ಷ ನೋಡಿದ್ದು ಏನಂದ್ರ, ವರನ ಪಗಾರ ದೊಡ್ಡದಿದ್ರ ಗುರುದೃಷ್ಟಿ ತಪ್ಪದ ಬೀಳ್ತದ. ಹುಡುಗಿ ಕರ್ರಗಿದ್ರ, ಅಪ್ಪನ ಕೈ ಸಣ್ಣದಿದ್ರ, ಗುರು ಆ ಕಡೆ ಮಾರಿ ತಿರುಗಸ್ತಾನ. ಅಂದ್ರ ನಿರ್ಧಾರ ಮೊದಲ ಆಗಿರ್ತದ. ಶಾಸ್ತ್ರ ಆಮ್ಯಾಲೆ ಬಂದು ಸಹಿ ಹಾಕ್ತದ.

ಮೂಲಾ ನಕ್ಷತ್ರನೂ ಅಷ್ಟೇ. ಚಂದ್ರ ಒಂದೊಂದು ನಕ್ಷತ್ರದಾಗ ಸುಮಾರು ಒಂದು ದಿನ ಇರ್ತಾನ. 27 ನಕ್ಷತ್ರ. ಅಂದ್ರ ಪ್ರತಿ 27 ಹೆಣ್ಣುಮಕ್ಕಳಿಗೆ ಒಬ್ಬಾಕಿ ಮೂಲಾದಾಕಿ. ಇವರೆಲ್ಲಾ ಮಾವಂದಿರನ್ನ ಕೊಲ್ಲತಾ ಹೋಗಿದ್ರ ಅದನ್ನ ಮೊದಲ ಕಂಡು ಹಿಡೀತಿದ್ದವರು ಎಲ್‌ಐಸಿಯವರು. ಪಾಲಿಸಿ ಮಾಡಿಸುವಾಗ ಅವರು ಸಕ್ಕರಿ ಅದಯೇನು, ಬಿಪಿ ಅದಯೇನು, ಸಿಗರೇಟು ಸೇದತೀರೇನು, ಅಪ್ಪ ಅವ್ವ ಇದ್ದಾರೇನು ಎಲ್ಲಾ ಕೇಳ್ತಾರ. ‘ನಿಮ್ಮ ಸೊಸಿ ನಕ್ಷತ್ರ ಯಾವುದು’ ಅಂತ ಕೇಳಂಗಿಲ್ಲ. ಸ್ವಂತ ದುಡ್ಡು ಹೋಗೋ ಕಡೆ ಮನುಷ್ಯಾ ಯಾವುದನ್ನ ಎಣಸ್ತಾನ, ಯಾವುದನ್ನ ಬಿಡ್ತಾನ ಅಂತ ನೋಡ್ರಿ. ಅಲ್ಲೆ ಖರೇ ನಂಬಿಕಿ ಇರ್ತದ.

‘ಹಂಗಾರ ನಮ್ಮ ಹಿರಿಯರು ದಡ್ಡರೇನು?’ ಅಂತ ಒಬ್ಬರು ಕೇಳೇ ಕೇಳ್ತಾರ. ಅಲ್ಲ್ರೀ, ಭಾಳ ಶಾಣ್ಯಾರಿದ್ರು. ಗ್ರಹಣ ಯಾವಾಗ ಹಿಡಿತದ, ಯಾವಾಗ ಬಿಡ್ತದ ಅಂತ ಗಣಿತ ಹಾಕಿ ಪಂಚಾಂಗದಾಗ ಬರದ್ರು. ಅದು ಗಣಿತ, ಅದಕ್ಕ ನಾ ಕೈ ಮುಗೀತೇನಿ. ಮನಸ್ಸು ಮೋಸ ಹೋಗೋದು ಇಲ್ಲೇ. ಗ್ರಹಣ ಹೇಳಿದಂಗ ಹಿಡಿತಲ್ಲ, ಅಂದ ಮ್ಯಾಲೆ ಅದೇ ಪುಸ್ತಕ ಹಿಡಕೊಂಡು ಹೇಳಿದ ಲಗ್ನದ ಮಾತೂ ಖರೇ ಇರಬೇಕು ಅಂತ ಒಂದರ ನಂಬಿಗಿ ಇನ್ನೊಂದಕ್ಕ ಉದ್ರಿ ಕೊಡ್ತದ. ಗ್ರಹಣದ್ದು ಯಾರಾದ್ರೂ ಹೊರಗ ನಿಂತು ಪರೀಕ್ಷಾ ಮಾಡಬಹುದು. ಲಗ್ನದ ಮಾತು ಪರೀಕ್ಷಾ ಮಾಡಿದ್ರ ಏನಾಗ್ತದ?

ಪುಣ್ಯಾದಾಗ ಇಂಥದೊಂದು ಪರೀಕ್ಷಾ 2008ರಾಗ ಮಾಡಿದ್ರು. ಖಗೋಳ ವಿಜ್ಞಾನಿ ಜಯಂತ ನಾರಳೀಕರ ಇದ್ರು, ನರೇಂದ್ರ ದಾಭೋಲ್ಕರ ಇದ್ರು. 100 ಮಂದಿ ಭಾಳ ಶಾಣ್ಯಾ ಮಕ್ಕಳದು, 100 ಮಂದಿ ಬುದ್ಧಿಮಾಂದ್ಯ ಮಕ್ಕಳದು ಕುಂಡ್ಲಿ ಕೂಡಿಸಿ, ಜ್ಯೋತಿಷಿಗಳಿಗೆ ತಲಾ 40 ಕೊಟ್ಟು, ಯಾವುದು ಯಾರದು ಹೇಳ್ರಿ ಅಂದ್ರು. 27 ಮಂದಿ ಉತ್ತರ ಕಳಿಸಿದ್ರು. ಸರಾಸರಿ ನೂರಕ್ಕ 46 ಸರಿ. ನಾಣ್ಯ ಚಿಮ್ಮಿದ್ರೂ 50 ಬರ್ತದ್ರೀ!

‘ಆದ್ರ ನಮ್ಮ ಭಟ್ಟರು ನನ್ನ ಸ್ವಭಾವ ಕಂಡಂಗ ಹೇಳಿದ್ರು’ ಅಂತೀರಿ. 1948ರಾಗ ಅಮೇರಿಕಾದ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರದ ಮಾಸ್ತರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷಾ ಕೊಟ್ಟು, ನಿಮ್ಮ ನಿಮ್ಮ ಸ್ವಭಾವ ಇದರಾಗ ಬರದೇನಿ, ಎಷ್ಟು ಸರಿ ಅದ ನೋಡಿ ಐದಕ್ಕ ಅಂಕ ಕೊಡ್ರಿ ಅಂದ. ಸರಾಸರಿ 4.26 ಬಂತು. ಆಮ್ಯಾಲೆ ನೋಡಿದ್ರ ಎಲ್ಲಾರಿಗೂ ಕೊಟ್ಟದ್ದು ಒಂದೇ ಬರಹ, ಅದೂ ಅಂಗಡ್ಯಾಗ ಸಿಗೋ ಜ್ಯೋತಿಷ್ಯದ ಪುಸ್ತಕದಾಗಿಂದು ತಗದದ್ದು. ‘ನಿಮಗ ಮಂದಿ ಮೆಚ್ಚಬೇಕು ಅನ್ನೋ ಆಸೆ ಅದ, ಆದ್ರ ಒಳಗೊಳಗ ಅಳುಕು’ ಅಂತ ಹೇಳಿದ್ರ ಯಾರಿಗೆ ಹೊಂದಂಗಿಲ್ಲ ಹೇಳ್ರಿ? ಹೊಂದಿಸಿಕೊಳ್ಳೋ ಕೆಲಸ ನಮ್ಮ ಮನಸ್ಸೇ ಮಾಡ್ತದ, ದಕ್ಷಿಣಿ ಮಾತ್ರ ಅವರಿಗೆ ಹೋಗ್ತದ.

ಇನ್ನೊಂದು ವಾದ ಅದ, ಅದು ಸ್ವಲ್ಪ ಗಟ್ಟಿ. ‘ಕುಂಡ್ಲಿ ಅನ್ನೋದು ಒಂದು ಮರ್ಯಾದಿ. ಹುಡುಗಿ ಮನಸ್ಸಿಗೆ ಬರಲಿಲ್ಲ ಅಂತ ಮಾರಿ ಮ್ಯಾಲೆ ಹೇಳ್ಲಿಕ್ಕೆ ಬರ್ತದೇನು? ಕುಂಡ್ಲಿ ಕೂಡ್ಲಿಲ್ಲ ಅಂದ್ರ ಯಾರಿಗೂ ನೋವಿಲ್ಲ.’ ನಾನೂ ಭಾಳ ದಿನ ಹಿಂಗ ಅಂದಾಕಿ. ಆದ್ರ ನೋವು ಎಲ್ಲೂ ಹೋಗಿರಂಗಿಲ್ಲ. ಎರಡೂ ಮನಿ ಹಿರಿಯರು ಅದನ್ನ ಹಂಚಿಕೊಳ್ಳಲಾರದ ಪೂರ್ತಿ ಹುಡುಗಿ ತಲಿಗೆ ಕಟ್ಟತಾರ. ಹತ್ತನೇ ಸಲ ‘ಕೂಡ್ಲಿಲ್ಲ’ ಅಂತ ಕೇಳಿದ ಹುಡುಗಿ ಶಾಸ್ತ್ರ ತಪ್ಪು ಅನ್ನಂಗಿಲ್ಲ, ನನ್ನಾಗೇ ಏನೋ ಐಬು ಅದ ಅಂತಾಳ. ನಮ್ಮ ಮರ್ಯಾದಿ ಬಿಲ್ಲು ಆಕಿ ಕಟ್ಟಬೇಕು.

ಹೆದರಿಕಿ ಖರೇ ಅದ, ಅದನ್ನ ನಾ ಅಲ್ಲಗಳಿಯಂಗಿಲ್ಲ. ಇಪ್ಪತ್ತೈದು ವರ್ಷ ಸಾಕಿದ ಮಗಳನ್ನ ಗುರ್ತಿಲ್ಲದ ಮನಿಗೆ ಕೊಡಬೇಕಂದ್ರ ಹೊಟ್ಟ್ಯಾಗ ಕಲಿಸಿದಂಗ ಆಗ್ತದ. ಏನರ ಒಂದು ಭರೋಸಾ ಬೇಕು ಅನ್ನಸ್ತದ. ಆದ್ರ ಆ ಹೆದರಿಕಿಗೆ ಔಷಧ ಇದಲ್ಲ. ನಾವು ಹುಡುಗನ ನಕ್ಷತ್ರ ಪಾದದ ಸಮೇತ ಕೇಳ್ತೇವಿ. ಆವಗ ಸಾಲ ಎಷ್ಟದ ಅಂತ ಕೇಳ್ಲಿಕ್ಕೆ ನಾಚ್ತೇವಿ. ಕುಡಿತಾನೇನು, ಸಿಟ್ಟು ಬಂದ್ರ ಕೈ ಎತ್ತತಾನೇನು, ಹೆಂಡ್ತಿ ನೌಕರಿ ಮಾಡೋದು ಆವಗ ನಡೀತದೇನು, ಆವಗ ಖರೇನೇ ಈ ಲಗ್ನ ಬೇಕಾಗ್ಯದೇನು, ಇವನ್ನೆಲ್ಲಾ ಕೇಳಿದ್ರ ‘ಬೀಗರು ಏನು ತಿಳಕೊಂಡಾರು’ ಅಂತೇವಿ. ಕುಂಡ್ಲಿ ನಮಗ ಭರೋಸಾ ಕೊಡ್ತದ ಅಂತೇವಿ, ಆದ್ರ ಅದು ಕೊಡೋದು ಕೇಳಬೇಕಾದ್ದನ್ನ ಕೇಳದ ಇರ್ಲಿಕ್ಕೆ ಒಂದು ನೆಪ.

ಸರಕಾರ ಬಂದು ಇದನ್ನ ಬಿಡಸ್ತದ ಅಂತ ಕೂಡಬ್ಯಾಡ್ರಿ. ಮೂಢನಂಬಿಕಿ ವಿರುದ್ಧ 2017ರಾಗ ನಮ್ಮ ರಾಜ್ಯದಾಗ ಕಾಯ್ದೆ ಆತು. ಜ್ಯೋತಿಷ್ಯ, ವಾಸ್ತು ಅದರಿಂದ ಹೊರಗ ಉಳದ್ವು. ನನಗ ಅದರ ಬಗ್ಗೆ ತಕರಾರಿಲ್ಲ. ಅಡಿಗಿ ಮನ್ಯಾಗ ಧ್ವನಿ ಸಣ್ಣದು ಮಾಡಿ ಆಡೋ ಸುಳ್ಳಿಗೆ ಪೊಲೀಸರು ಏನು ಮಾಡ್ತಾರ? ನಾವೇ ಬಿಡಬೇಕು. ನಾ ಹೇಳೋದು ಇಷ್ಟೇ. ನಂಬಿದ್ರ ಪೂರಾ ನಂಬ್ರಿ, ಹುಟ್ಟಿದ ವೇಳ್ಯಾ ಇದ್ದದ್ದು ಇದ್ದಂಗ ಬರೀರಿ, ಬಂದದ್ದನ್ನ ಅನುಭವಿಸ್ರಿ. ನಂಬದಿದ್ರ ಕುಂಡ್ಲಿ ಕೊಡಲೂ ಬ್ಯಾಡ್ರಿ, ಕೇಳಲೂ ಬ್ಯಾಡ್ರಿ. ಎರಡೂ ವಹಿ ಇಟ್ಕೊಂಡು ‘ನಾವು ಖರೇ ಮಂದಿ’ ಅನ್ನೋದನ್ನ ಮಾತ್ರ ಬಿಡ್ರಿ.

ಈಗ ಮತ್ತ ಆ ಫೋನಿಗೆ ಬರ್ತೇನಿ. ನನ್ನ ಮುಂದ ಒಂದು ಇಕ್ಕಟ್ಟು ಇತ್ತು, ಅದನ್ನ ಮುಚ್ಚಿಡಂಗಿಲ್ಲ. ಯಾರರ ಕೇಳಿದಾಗ ‘ಆರು ಹತ್ತು’ ಅಂದ್ರ, ನಾ ನಂಬದ ಒಂದು ಮಾತಿನ ಸಲುವಾಗಿ ಕೂಸಿನ ಸಂಬಂಧ ತಪ್ಪಬಹುದು. ‘ಐದೂವರಿ’ ಅಂದ್ರ 1998ರ ಫೋನ್ ಮತ್ತೊಮ್ಮೆ ಮಾಡಿದಂಗ ಆತು. ಎರಡು ದಿನ ತಲಿ ಕೆಡಿಸಿಕೊಂಡ ಮ್ಯಾಲೆ ಹೊಳೀತು, ಯಾರ ಲಗ್ನ ಅದನೋ ಆಕಿನ್ನ ಯಾರೂ ಕೇಳೇ ಇಲ್ಲ ಅಂತ. ಹುಡುಗಿಗೇ ಫೋನ್ ಹಚ್ಚಿದೆ.

ಆಕಿಗೆ ಎಲ್ಲಾ ಗೊತ್ತಿತ್ತು. “ಮೌಶಿ, ಈ ಶಾಸ್ತ್ರ ನಾ ನಂಬಂಗಿಲ್ಲ” ಅಂದ್ಲು. “ಆದ್ರ ಸಣ್ಣಾಕಿ ಇದ್ದಾಗಿಂದ ನನ್ನ ಮುಂದನೇ ಎಂಟನೇ ಮನಿ ಮಂಗಳದ ಮಾತು ಆಡ್ಯಾರ. ನಾಳೆ ಆವಗ ಬರೇ ಜ್ವರ ಬಂದು ಎರಡು ದಿನ ಇಳೀಲಿಲ್ಲ ಅಂದ್ರೂ, ಖರೇ ವೇಳ್ಯಾ ಗೊತ್ತಿದ್ದಾಕಿ ಇಡೀ ಮನ್ಯಾಗ ನಾ ಒಬ್ಬಾಕಿನೇ. ನಾ ಯಾರ ಮುಂದ ಹೇಳಬೇಕು?”

ಯಾರಿಗೇನು ಲುಕ್ಸಾನ ಅಂತ ಕೇಳಿದ್ಲಲ್ಲ ನನ್ನ ತಂಗಿ, ಉತ್ತರ ಆಕಿ ಮಗಳ ಹತ್ರನೇ ಇತ್ತು.

ಆವತ್ತೇ ಸಂಜಿಕೆ ತಂಗಿಗೆ ಫೋನ್ ಮಾಡಿ ಹೇಳೇನಿ: “ನನ್ನ ಕೇಳಿದ್ರ ಹುಡುಗಿ ಬಗ್ಗೆ ಎಷ್ಟು ಬೇಕಾದ್ರೂ ಹೇಳ್ತೇನಿ, ಒಂದು ತಾಸು ಹೇಳ್ತೇನಿ. ವೇಳ್ಯಾ ಕೇಳಿದ್ರ ಆರು ಹತ್ತು. ಅದಕ್ಕಿಂತ ಮೊದಲ ನೀನೇ ಅವರಿಗೆ ಹೇಳೋದು ಛೊಲೋ.” ಆಕಿ ಸಿಟ್ಟಾಗಿ ಫೋನ್ ಇಟ್ಟಾಳ. ನಾಲ್ಕು ದಿನ ಆತು, ಆಕಿ ಫೋನ್ ಬಂದಿಲ್ಲ, ವರನ ಕಡೆಯವರದೂ ಬಂದಿಲ್ಲ. ಬಂದ್ರ ಸಾರು ಕುದಿಲಿಕತ್ತದ ಅಂತ ಈ ಸಲ ಅನ್ನಂಗಿಲ್ಲ.